ಸ್ಟ್ಯಾಂಡ್‌ಬೈ ಪಟ್ಟಿಯಲ್ಲಿದ್ದ ದೇವಯ್ಯ

ಇಂಟರ್ನ್‌ಶಿಪ್‌ಗೆ ಆಯ್ಕೆಯಾದವರ ಪಟ್ಟಿ ಬಂದಾಗ ಅದರಲ್ಲಿ ನನ್ನ ಹೆಸರೂ ಇತ್ತು. ಆದರೆ ಗೆರೆಯ ಕೆಳಗೆ. ಎಂಟು ಮಂದಿ ಮೇಲೆ, ಮೂವರು ಕೆಳಗೆ. ಮೇಲಿನವರಲ್ಲಿ ಯಾರಾದರೂ ಬಿಟ್ಟರೆ ಕೆಳಗಿನವರಿಗೆ ಅವಕಾಶ. ನಾನು ಮೂವರಲ್ಲಿ ಎರಡನೆಯವನು.

ಪಿರಿಯಾಪಟ್ಟಣದ ಹತ್ತಿರದ ನಮ್ಮ ಹಳ್ಳಿಗೆ ಬಂದು ಅಪ್ಪನಿಗೆ ಇದನ್ನು ವಿವರಿಸುವಷ್ಟರಲ್ಲಿ ಸಾಕಾಯಿತು. ಸಿಕ್ಕಿತಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಸಿಗಲಿಲ್ಲವಾ ಎಂದರು. ಹಾಗೂ ಅಲ್ಲ ಎಂದೆ. ಕೆಪಿಎಸ್‌ಸಿ, ಪೊಲೀಸ್ ನೇಮಕಾತಿ, ಸೀಟು ಹಂಚಿಕೆ ಎಂದು ಯಾವುದಾದರೂ ಹೆಚ್ಚುವರಿ ಪಟ್ಟಿಯಲ್ಲಿ ಹೆಸರು ಬಂದು ಕಾದವರಿಗೆ ನನ್ನ ಸ್ಥಿತಿ ಅರ್ಥವಾಗುತ್ತದೆ. ಓದಲೂ ಮನಸ್ಸಿಲ್ಲ, ಬಿಡಲೂ ಧೈರ್ಯವಿಲ್ಲ. ಕಾಯುವುದೇ ಒಂದು ಕೆಲಸವಾಗಿಬಿಡುತ್ತದೆ. ನಾನಂತೂ ಪುಸ್ತಕ ಮುಚ್ಚಿ ಮೊಬೈಲ್ ಹಿಡಿದು ಕೂತೆ.

ಅದು ಹೊಗೆಸೊಪ್ಪು ಬೇಯಿಸುವ ಕಾಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬ್ಯಾರನ್ನಿಗೆ ಸೊಪ್ಪು ಏರಿಸಿದ ಮೇಲೆ ಐದಾರು ದಿನ, ಹಗಲು ರಾತ್ರಿ ಬೆಂಕಿ ಆರಬಾರದು. ಮೊದಲು ಸೊಪ್ಪಿಗೆ ಹಳದಿ ಬಣ್ಣ ಬರಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುವಿನ ಕಡ್ಡಿ ಒಣಗಬೇಕು. ಕಡ್ಡಿ ಒಣಗುವಾಗ ಶಾಖ ಇಳಿದರೆ ಕಡ್ಡಿಯ ನೀರು ಮತ್ತೆ ಎಲೆಗೆ ಹರಿದು ಬಣ್ಣ ಕಪ್ಪಾಗುತ್ತದೆ. ಹರಾಜು ಕಟ್ಟೆಯಲ್ಲಿ ಅಂಥ ಸೊಪ್ಪಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಆ ರಾತ್ರಿ ಅಪ್ಪನಿಗೆ ಜ್ವರವಿತ್ತು. ಮಧ್ಯರಾತ್ರಿಯವರೆಗೆ ತಾನೇ ನೋಡಿಕೊಳ್ಳುವುದಾಗಿಯೂ, ಆಗದಿದ್ದರೆ ನನ್ನನ್ನು ಕರೆಯುವುದಾಗಿಯೂ ಹೇಳಿದ್ದರು. ಕರೆದರೆ ಹೋದರಾಯಿತು ಎಂದುಕೊಂಡು ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮಲಗಿದೆ. ಅಪ್ಪ ಕರೆದರು. ನನಗೆ ಕೇಳಲಿಲ್ಲ. ಬೆಳಿಗ್ಗೆ ಒಲೆ ತಣ್ಣಗಿತ್ತು. ಒಂದು ಬ್ಯಾರನ್ ಸೊಪ್ಪು ಹಾಳಾಯಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಇದಾಗಿ ಎರಡು ವಾರಕ್ಕೆ ಗೆಳೆಯನ ಮನೆಗೆಂದು ಮಡಿಕೇರಿಗೆ ಹೋದೆ. ಬೈಲುಕುಪ್ಪೆ, ಕುಶಾಲನಗರ ದಾಟಿ ಬಸ್ಸು ಘಟ್ಟ ಹತ್ತಿತು. ಮಡಿಕೇರಿಯಲ್ಲಿ ಇಳಿದು ನಡೆಯುವಾಗ ಒಂದು ವೃತ್ತದಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಎಂಬ ಹೆಸರು ಕಂಡಿತು. ಕಾರ್ಯಪ್ಪ, ತಿಮ್ಮಯ್ಯ ನನಗೆ ಗೊತ್ತಿತ್ತು. ಈ ಹೆಸರು ಗೊತ್ತಿರಲಿಲ್ಲ. ಗೆಳೆಯ ದಾರಿಯಲ್ಲೇ ಕಥೆ ಶುರುಮಾಡಿದ. ಆ ದೇವಯ್ಯ ಯುದ್ಧಕ್ಕೆ ಹೋಗಿದ್ದು ಸ್ಟ್ಯಾಂಡ್‌ಬೈ ಪೈಲಟ್ ಆಗಿ ಎಂದು ಅವನು ಹೇಳಿದಾಗ ನನ್ನ ನಡಿಗೆ ನಿಂತಿತು. ಮನೆಗೆ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಭಾರತೀಯ ವಾಯುಪಡೆ ಸ್ಥಾಪನೆಯಾದದ್ದು 1932ರ ಅಕ್ಟೋಬರ್ 8ರಂದು. ದೇವಯ್ಯ ಹುಟ್ಟಿದ್ದು ಅದೇ ವರ್ಷದ ಡಿಸೆಂಬರ್ 24ರಂದು, ಕೊಡಗಿನಲ್ಲಿ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅಜ್ಜಮಾಡ ಎಂಬುದು ಅವರ ಒಕ್ಕದ ಹೆಸರು. ತಂದೆ ಬೋಪಯ್ಯ ವೈದ್ಯರು. ಆಗಿನ ಕೊಡಗು ಮೈಸೂರಿಗೆ ಸೇರಿರಲಿಲ್ಲ, ಪ್ರತ್ಯೇಕ ಪ್ರಾಂತ್ಯವಾಗಿತ್ತು. ನಮ್ಮ ಹುಣಸೂರು, ಕೋಟೆ ಕಡೆಯಿಂದ ನಾಗರಹೊಳೆಯ ಕಾಡು ದಾಟಿದರೆ ಕೊಡಗು. ಅಷ್ಟು ಹತ್ತಿರವಿದ್ದರೂ ಅಲ್ಲಿನ ಮನೆಗಳ ಕನಸು ಬೇರೆ. ಕೋವಿ ಪೂಜಿಸುವ ನಾಡು ಅದು. ಒಂದೊಂದು ಮನೆಯಿಂದ ಒಬ್ಬರಾದರೂ ಸೇನೆಗೆ ಹೋಗುವುದು ಅಲ್ಲಿ ವಾಡಿಕೆ. 1949ರ ಜನವರಿಯಲ್ಲಿ ಕೊಡಗಿನ ಕಾರ್ಯಪ್ಪ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದಾಗ ದೇವಯ್ಯನಿಗೆ ಹದಿನಾರು ವರ್ಷ.

ಆದರೆ ಅವರು ಹಿಡಿದದ್ದು ಆಕಾಶದ ದಾರಿ. 1954ರ ಡಿಸೆಂಬರ್‌ನಲ್ಲಿ ವಾಯುಪಡೆಯ ಪೈಲಟ್ ಅಧಿಕಾರಿಯಾದರು. ಆಗ ಅವರಿಗೆ ಇಪ್ಪತ್ತೊಂದು ಮುಗಿಯುತ್ತ ಬಂದಿತ್ತು. ನನ್ನದಕ್ಕಿಂತ ಒಂದೇ ವರ್ಷ ಹೆಚ್ಚು. ಮುಂದೆ ಅವರು ಬೋಧಕರಾದರು. ಯುದ್ಧವಿಮಾನ ನಡೆಸುವುದು ಒಂದು ವಿದ್ಯೆ, ಅದನ್ನು ಹೊಸಬರಿಗೆ ಕಲಿಸುವುದು ಇನ್ನೊಂದು ವಿದ್ಯೆ. ಹುಡುಗರು ಮಾಡುವ ತಪ್ಪುಗಳನ್ನೆಲ್ಲ ಪಕ್ಕದಲ್ಲೋ ಹಿಂದಿನ ಸೀಟಿನಲ್ಲೋ ಕೂತು ನೋಡಿ, ಕೊನೆಯ ಕ್ಷಣದಲ್ಲಿ ಸರಿಪಡಿಸುವ ಕೆಲಸ ಅದು. 1965ರಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ ಶುರುವಾದಾಗ ದೇವಯ್ಯ ವಾಯುಪಡೆಯ ಹಾರಾಟ ತರಬೇತಿ ಕಾಲೇಜಿನಲ್ಲಿ ಬೋಧಕರಾಗಿದ್ದರು. ಮನೆಯಲ್ಲಿ ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು.

ಯುದ್ಧಕ್ಕೆಂದು ಅವರನ್ನು ಕಳುಹಿಸಿದ್ದು ವಾಯುಪಡೆಯ ನಂಬರ್ 1 ಸ್ಕ್ವಾಡ್ರನ್‌ಗೆ. ಟೈಗರ್ಸ್ ಎಂದು ಅದಕ್ಕೆ ಹೆಸರು. ನಮ್ಮ ವಾಯುಪಡೆಯ ಅತ್ಯಂತ ಹಳೆಯ ಸ್ಕ್ವಾಡ್ರನ್ ಅದು. 1933ರ ಏಪ್ರಿಲ್ 1ರಂದು ಅದು ಹುಟ್ಟಿದ ಊರು ಕರಾಚಿ. ಮೂವತ್ತೆರಡು ವರ್ಷಗಳ ನಂತರ ಕರಾಚಿ ಇರುವ ದೇಶದ ಮೇಲೆಯೇ ಅದು ಯುದ್ಧಕ್ಕೆ ಹೊರಡಬೇಕಾಗಿತ್ತು. ಪಂಜಾಬಿನ ಜಲಂಧರ್ ಸಮೀಪದ ಆದಂಪುರ ವಾಯುನೆಲೆಯಿಂದ ಆ ಸ್ಕ್ವಾಡ್ರನ್ ಹಾರುತ್ತಿತ್ತು. ಅವರ ಬಳಿ ಇದ್ದದ್ದು ಫ್ರಾನ್ಸ್‌ನಿಂದ ತಂದ ಮಿಸ್ಟೇರ್ ವಿಮಾನಗಳು.

ವಾಯುಯುದ್ಧ ಎಂದರೆ ಆಕಾಶದಲ್ಲಿ ವಿಮಾನಗಳು ಅಟ್ಟಾಡುವುದು ಎಂದು ನಾನು ತಿಳಿದಿದ್ದೆ. ಓದಿದ ಮೇಲೆ ಗೊತ್ತಾಯಿತು, ನಿಜವಾದ ಜಗಳ ನೆಲದ ಮೇಲಿನ ನೆಲೆಗಳಿಗಾಗಿ. ಅಂದಿನ ಯುದ್ಧವಿಮಾನ ಒಮ್ಮೆ ಏರಿದರೆ ಗಂಟೆ, ಒಂದೂವರೆ ಗಂಟೆಯಲ್ಲಿ ಇಳಿಯಲೇಬೇಕು. ಉಳಿದ ಹೊತ್ತೆಲ್ಲ ಅದು ನೆಲದ ಮೇಲೆ ನಿಂತಿರುತ್ತದೆ. ರನ್‌ವೇ, ಇಂಧನದ ಟ್ಯಾಂಕ್, ಮದ್ದುಗುಂಡು, ರೇಡಾರ್, ಮೆಕ್ಯಾನಿಕ್‌ಗಳು ಎಲ್ಲರೂ ಅಲ್ಲೇ. ಆದ್ದರಿಂದ ನಿಂತ ವಿಮಾನವನ್ನು ಹೊಡೆಯುವುದು ಹಾರುವ ವಿಮಾನವನ್ನು ಹೊಡೆಯುವುದಕ್ಕಿಂತ ಲಾಭ. 1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಮಾಡಿದ್ದು ಇದನ್ನೇ. ಪಠಾಣ್‌ಕೋಟ್ ನೆಲೆಯಲ್ಲಿ ನಿಂತಿದ್ದ ನಮ್ಮ ಹಲವು ವಿಮಾನಗಳು ಒಂದೇ ದಾಳಿಯಲ್ಲಿ ಸುಟ್ಟುಹೋದವು. ಹಲ್ವಾರಾ, ಆದಂಪುರಗಳೂ ಅದೇ ಸಂಜೆ ಅವರ ದಾಳಿಯ ಗುರಿಯಾಗಿದ್ದವು.

ಮರುದಿನ ಬೆಳಿಗ್ಗೆ ನಮ್ಮ ಸರದಿ. ಗುರಿ ಸರ್ಗೋಧಾ. ಅದು ಪಾಕಿಸ್ತಾನದ ಅತಿ ದೊಡ್ಡ ವಾಯುನೆಲೆ. ಸುತ್ತ ಸಣ್ಣ ಉಪನೆಲೆಗಳೂ ಇದ್ದವು. ಆದಂಪುರದಿಂದ ನೇರ ದಾರಿಯಲ್ಲಿ ಸುಮಾರು 300 ಕಿಲೋಮೀಟರ್. ರೇಡಾರ್ ಕಣ್ಣಿಗೆ ಬೀಳದಿರಲು ಮರದ ತುದಿಯ ಎತ್ತರದಲ್ಲಿ ಹಾರಬೇಕು. ಕೆಳಗೆ ಗಾಳಿ ದಟ್ಟವಾಗಿರುವುದರಿಂದ ಅಲ್ಲಿ ಹಾರುವ ಜೆಟ್ ಇಂಧನವನ್ನು ಕುಡಿದುಬಿಡುತ್ತದೆ. ಹೋಗಿ, ಬಾಂಬ್ ಹಾಕಿ, ತಿರುಗಿ ಬರುವಷ್ಟಕ್ಕೆ ಮಾತ್ರ ಲೆಕ್ಕ ಸರಿಹೋಗುತ್ತಿತ್ತು. ನಡುವೆ ನಿಂತು ಕಾದಾಡಲು ಟ್ಯಾಂಕಿನಲ್ಲಿ ಉಳಿತಾಯವಿರಲಿಲ್ಲ.

ವಿಂಗ್ ಕಮಾಂಡರ್ ಒ.ಪಿ. ತನೇಜಾ ಅವರ ಮುಂದಾಳತ್ವದಲ್ಲಿ 12 ಮಿಸ್ಟೇರ್‌ಗಳು ಹೋಗಬೇಕೆಂದು ತೀರ್ಮಾನವಾಯಿತು. ಆ ಹನ್ನೆರಡರಲ್ಲಿ ದೇವಯ್ಯನ ಹೆಸರಿರಲಿಲ್ಲ. ಅವರು ಸ್ಟ್ಯಾಂಡ್‌ಬೈ. ಹನ್ನೆರಡರಲ್ಲಿ ಯಾವುದಾದರೂ ಕೈಕೊಟ್ಟರೆ ಆ ಜಾಗ ತುಂಬುವವರು.

ಇಲ್ಲಿ ನಾನು ತುಂಬ ಹೊತ್ತು ನಿಂತೆ. ಸ್ಟ್ಯಾಂಡ್‌ಬೈ ಪೈಲಟ್ ಏನು ಮಾಡಬೇಕು? ಮುಖ್ಯ ತಂಡ ಎದ್ದ ಹೊತ್ತಿಗೇ ಏಳಬೇಕು. ಅದೇ ನಕ್ಷೆ, ಅದೇ ದಾರಿ, ಅದೇ ಸಮಯ, ಎಲ್ಲವನ್ನೂ ತಲೆಯಲ್ಲಿ ತುಂಬಿಕೊಳ್ಳಬೇಕು. ಅದೇ ರೀತಿ ಸಜ್ಜಾಗಿ ವಿಮಾನ ಹತ್ತಬೇಕು. ಇಷ್ಟೆಲ್ಲ ಮಾಡಿದ ಮೇಲೆ ಕರೆ ಬಾರದೆ ಇಳಿದು ಬರುವುದಕ್ಕೂ ತಯಾರಿರಬೇಕು. ಕರೆ ಬಂದ ಮೇಲೆ ತಯಾರಾಗುತ್ತೇನೆ ಎನ್ನುವವನು ಸ್ಟ್ಯಾಂಡ್‌ಬೈ ಅಲ್ಲ. ಆ ರಾತ್ರಿ ಇಯರ್‌ಫೋನ್ ಸಿಕ್ಕಿಸಿಕೊಂಡು ಮಲಗಿದ್ದ ನಾನು ಅಂಥವನು.

ಸೆಪ್ಟೆಂಬರ್ 7ರಂದು ಬೆಳಕು ಹರಿಯುವ ಮೊದಲೇ ವಿಮಾನಗಳು ಏರಿದವು. ತಂಡದಿಂದ ಒಂದು ವಿಮಾನ ಹಿಂದುಳಿಯಿತು. ದೇವಯ್ಯ ಆ ಜಾಗಕ್ಕೆ ಹೊರಟರು.

ಆರು ಗಂಟೆಗೆ ಸ್ವಲ್ಪ ಮುಂಚೆ ಮಿಸ್ಟೇರ್‌ಗಳು ಸರ್ಗೋಧಾದ ಮೇಲಿದ್ದವು. ಅಷ್ಟರಲ್ಲಿ ಕಾವಲಿಗಿದ್ದ ಪಾಕಿಸ್ತಾನದ ಒಂದು ವಿಮಾನ ಇವರತ್ತ ತಿರುಗಿತು. ಅದು ಎಫ್-104 ಸ್ಟಾರ್‌ಫೈಟರ್. ಅದನ್ನು ನಡೆಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್.

ಸ್ಟಾರ್‌ಫೈಟರ್‌ಗೆ ಆಗ ಜಗತ್ತಿನಲ್ಲೇ ದೊಡ್ಡ ಹೆಸರಿತ್ತು. ಶಬ್ದದ ವೇಗದ ಎರಡು ಪಟ್ಟು ಹಾರಬಲ್ಲ ಅಮೆರಿಕನ್ ವಿಮಾನ ಅದು. 1958ರಲ್ಲಿ ಚೀನಾ ಮತ್ತು ತೈವಾನ್ ನಡುವೆ ಬಿಕ್ಕಟ್ಟು ಬಂದಾಗ ಅಮೆರಿಕ ಈ ವಿಮಾನಗಳನ್ನು ಆ ದ್ವೀಪದ ವಾಯುನೆಲೆಗೆ ಸಾಗಿಸಿತ್ತು. ಮುಂದೆ ತೈವಾನ್‌ನ ವಾಯುಪಡೆಯೇ ಅವನ್ನು ಪಡೆದು 1998ರವರೆಗೆ ಹಾರಿಸಿತು. ಪಾಕಿಸ್ತಾನಕ್ಕೆ ಸಿಕ್ಕಿದ್ದು ಸುಮಾರು ಒಂದು ಡಜನ್. ಅವುಗಳಲ್ಲಿ ಹಿಂದಿನಿಂದ ಬೆನ್ನಟ್ಟಿ ಹೊಡೆಯುವ ಕ್ಷಿಪಣಿಯಿತ್ತು, ಆರು ನಳಿಕೆಯ ವೇಗದ ತೋಪಿತ್ತು. ದೇವಯ್ಯನ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಅದರಲ್ಲಿ ಇದ್ದದ್ದು 30 ಮಿಲಿಮೀಟರ್‌ನ ಎರಡು ತೋಪುಗಳು.

ಮೊದಲ ದಾಳಿಯಿಂದ ದೇವಯ್ಯ ತಪ್ಪಿಸಿಕೊಂಡರು. ಆದರೆ ವೇಗದ ವಿಮಾನ ಮತ್ತೆ ಬಂದು ಮಿಸ್ಟೇರ್‌ಗೆ ಏಟು ಹಾಕಿತು. ಈಗ ಲೆಕ್ಕ ನೋಡಿ. ಗಡಿ ಬಹುದೂರ. ಓಡಿದರೆ ಹಿಂದಿರುವುದು ತನಗಿಂತ ಎರಡು ಪಟ್ಟು ವೇಗದ ವಿಮಾನ. ನಿಂತು ಕಾದಾಡಿದರೆ ಮನೆಗೆ ಮರಳುವ ಇಂಧನ ಖಾಲಿಯಾಗುತ್ತದೆ. ದೇವಯ್ಯ ತಮ್ಮ ಪೆಟ್ಟುಬಿದ್ದ ವಿಮಾನವನ್ನು ಸ್ಟಾರ್‌ಫೈಟರ್‌ನತ್ತ ತಿರುಗಿಸಿದರು.

ನಿಧಾನದ ವಿಮಾನ ವೇಗದ ವಿಮಾನವನ್ನು ಹೇಗೆ ಹಿಡಿಯಿತು ಎಂಬುದು ನಮ್ಮ ಪಠ್ಯದಲ್ಲೇ ಇದೆ. ತಿರುವಿನ ತ್ರಿಜ್ಯ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಒಂದೇ ಬಲದಲ್ಲಿ ತಿರುಗುವಾಗ ವೇಗ ಎರಡು ಪಟ್ಟಾದರೆ ತಿರುವು ನಾಲ್ಕು ಪಟ್ಟು ಅಗಲವಾಗುತ್ತದೆ. ಹುಣಸೂರು ರಸ್ತೆಯ ತಿರುವಿನಲ್ಲಿ ನಲವತ್ತರಲ್ಲಿ ಬಂದ ಬೈಕ್ ಸಲೀಸಾಗಿ ತಿರುಗುತ್ತದೆ, ಎಂಬತ್ತರಲ್ಲಿ ಬಂದದ್ದು ಹೊಲಕ್ಕೆ ಹೋಗುತ್ತದೆ. ಅಲ್ಲದೆ ಸ್ಟಾರ್‌ಫೈಟರ್‌ನ ರೆಕ್ಕೆಗಳು ಮೋಟು. ಅವುಗಳ ವಿಸ್ತೀರ್ಣ 18 ಚದರ ಮೀಟರ್‌ನಷ್ಟು. ಮಿಸ್ಟೇರ್‌ನದು 32. ತೂಕದಲ್ಲಿ ಎರಡಕ್ಕೂ ಅಂಥ ಅಂತರವಿಲ್ಲ. ನೇರಕ್ಕೆ ಓಡುವುದರಲ್ಲಿ ಸ್ಟಾರ್‌ಫೈಟರ್ ಗೆಲ್ಲುತ್ತದೆ, ತಿರುಗುವುದರಲ್ಲಿ ಮಿಸ್ಟೇರ್ ಗೆಲ್ಲುತ್ತದೆ. ಮಿಸ್ಟೇರ್‌ನ ಹಿಂದೆ ತಿರುಗಲು ಹೋದ ಸ್ಟಾರ್‌ಫೈಟರ್ ತನ್ನ ವೇಗವನ್ನು ಕಳೆದುಕೊಂಡಿತು. ಹುಡುಗರಿಗೆ ವರ್ಷಗಟ್ಟಲೆ ಪಾಠ ಹೇಳಿದ ಬೋಧಕನಿಗೆ ಇದು ಹೊಸ ಪಾಠವಾಗಿರಲಿಲ್ಲ.

ದೇವಯ್ಯನ ತೋಪಿನ ಗುಂಡುಗಳು ಸ್ಟಾರ್‌ಫೈಟರ್‌ಗೆ ತಗುಲಿದವು. ಅದು ಹಿಡಿತ ತಪ್ಪಿತು. ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯನ ಮಿಸ್ಟೇರ್ ಕೂಡ ಅಲ್ಲೇ ನೆಲಕ್ಕೆ ಬಿತ್ತು. ಅವರಿಗೆ ಆಗ ಮೂವತ್ತೆರಡು ವರ್ಷ. ಅಲ್ಲಿನ ಹಳ್ಳಿಯವರು ಹೊಲದಲ್ಲಿ ಬಿದ್ದಿದ್ದ ದೇಹವನ್ನು ಅಲ್ಲೇ ಮಣ್ಣು ಮಾಡಿದರೆಂದು ಪಾಕಿಸ್ತಾನದ ವಾಯುಪಡೆಯ ನಿವೃತ್ತ ಅಧಿಕಾರಿಯೊಬ್ಬರು ಬರೆದಿದ್ದಾರೆ. ತಮ್ಮ ಊರಿಗೆ ಬಾಂಬ್ ಹಾಕಲು ಬಂದ ದೇಶದವನಿಗೆ ಒಂದು ಗುಂಡಿ ತೋಡಿದ ಆ ಹೊಲದವರ ಬಗ್ಗೆಯೂ ನಾನು ಯೋಚಿಸುತ್ತೇನೆ.

ಈ ಕಡೆ ಆದಂಪುರದಲ್ಲಿ ಮಿಸ್ಟೇರ್‌ಗಳು ಒಂದೊಂದಾಗಿ ಇಳಿದವು. ದೇವಯ್ಯ ಬರಲಿಲ್ಲ. ನೆಲಕ್ಕಂಟಿಕೊಂಡಂತೆ, ರೇಡಿಯೊ ಮಾತಿಲ್ಲದೆ, ಬೇರೆ ಬೇರೆ ಗುಂಪುಗಳಾಗಿ ಹಾರಿದವರಲ್ಲಿ ಯಾರೂ ಆ ಕಾಳಗವನ್ನು ನೋಡಿರಲಿಲ್ಲ. ಕಾಣೆಯಾದವರ ಪಟ್ಟಿಗೆ ಅವರ ಹೆಸರು ಸೇರಿತು. ಎಂಥ ಪಟ್ಟಿ ಅದು! ಸತ್ತರೆಂದು ಅಳುವಂತಿಲ್ಲ, ಇದ್ದಾರೆಂದು ಕಾಯುವಂತಿಲ್ಲ. ನನ್ನ ವೆಯ್ಟಿಂಗ್ ಲಿಸ್ಟ್‌ಗೆ ನಾನು ಪಟ್ಟ ಸಂಕಟ ಆ ಮನೆಯ ಮುಂದೆ ಎಷ್ಟರದು ಎಂದು ನಾಚಿಕೆಯಾಯಿತು. ಕೊನೆಗೆ ಅವರನ್ನು ಮೃತರೆಂದು ಪರಿಗಣಿಸಲಾಯಿತು. ಸ್ಟಾರ್‌ಫೈಟರ್ ಬಿದ್ದ ಕಥೆ ನಮ್ಮವರ ದಾಖಲೆಯಲ್ಲಿ ಇರಲೇ ಇಲ್ಲ.

ಆ ಕಾಳಗ ಕಂಡು ಬದುಕಿದ್ದವರು ಎದುರಾಳಿ ಪೈಲಟ್. ಅದೇ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಮತ್ತೊಂದು ಸ್ಟಾರ್‌ಫೈಟರ್‌ನಲ್ಲಿ ಅಮೃತಸರದ ಕಡೆ ಬಂದಾಗ ನಮ್ಮ ವಿಮಾನನಿರೋಧಕ ತೋಪುಗಳಿಗೆ ಸಿಕ್ಕು, ಇಲ್ಲಿ ಯುದ್ಧಕೈದಿಯಾಗಿದ್ದರು. ಆಗಲೂ ಈ ವಿಷಯ ಹೊರಬರಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1965ರ ವಾಯುಯುದ್ಧದ ಬಗ್ಗೆ ಪುಸ್ತಕ ಬರೆದರು. ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಬರೆದ ಪುಸ್ತಕ ಅದು. ಒಂದು ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಸ್ಟಾರ್‌ಫೈಟರ್ ಉರುಳಿದ ವಿವರ ಅದರಲ್ಲಿತ್ತು. ಅಂದು ಅಲ್ಲಿಂದ ಮರಳದ ಮಿಸ್ಟೇರ್ ಯಾರದು ಎಂದು ಇಲ್ಲಿನವರು ತಾಳೆ ನೋಡಿದರು. ಉಳಿದದ್ದು ಒಂದೇ ಹೆಸರು.

ಅಲ್ಲಿಂದಲೂ ಬೇಗ ಆಗಲಿಲ್ಲ. 1988ರಲ್ಲಿ, ಅಂದರೆ ಘಟನೆ ನಡೆದು 23 ವರ್ಷಗಳ ನಂತರ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಯುದ್ಧಕಾಲದ ಶೌರ್ಯಕ್ಕೆ ನಮ್ಮ ದೇಶ ಕೊಡುವ ಎರಡನೇ ಅತ್ಯುನ್ನತ ಪದಕ ಅದು. ಪುಟ್ಟವರಾಗಿದ್ದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿದ್ದರು. 2025ರಲ್ಲಿ ಬಂದ ಹಿಂದಿ ಸಿನಿಮಾ ‘ಸ್ಕೈ ಫೋರ್ಸ್’ಗೂ ಇವರ ಕಥೆಯೇ ಪ್ರೇರಣೆ. ಸಿನಿಮಾದಲ್ಲಿ ಪಾತ್ರದ ಹೆಸರು ಬೇರೆ. ನಾನು ಆ ಸಿನಿಮಾವನ್ನು ಹಾಸ್ಟೆಲ್ ಗೆಳೆಯರ ಜೊತೆ ನೋಡಿದ್ದೆ. ಆದರೆ ಆ ಪೈಲಟ್ ನಮ್ಮ ಊರಿನಿಂದ ಎರಡು ಗಂಟೆಯ ಬಸ್ ದಾರಿಯವರೆಂದು ಗೊತ್ತಿರಲಿಲ್ಲ.

ಈ ಕಥೆಯಿಂದ ಕಾದರೆ ಫಲ ಸಿಗುತ್ತದೆ ಎಂಬ ನೀತಿಯನ್ನು ತೆಗೆಯಲು ನನಗೆ ಮನಸ್ಸಿಲ್ಲ. ದೇವಯ್ಯನಿಗೆ ಪದಕ ಸಿಕ್ಕಾಗ ನೋಡಲು ಅವರಿರಲಿಲ್ಲ. ಪುಸ್ತಕವೊಂದು ಬಾರದೇ ಹೋಗಿದ್ದರೆ ಇಂದಿಗೂ ಅವರು ಕಾಣೆಯಾದ ಒಬ್ಬ ಪೈಲಟ್ ಅಷ್ಟೇ ಆಗಿರುತ್ತಿದ್ದರು. ಆಗಲೂ ಸೆಪ್ಟೆಂಬರ್ 7ರ ಬೆಳಿಗ್ಗೆ ಅವರು ಮಾಡಿದ ಕೆಲಸ ಒಂದು ಗುಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮಾತು. ಪಟ್ಟಿಯಲ್ಲಿ ಹೆಸರು ಎಲ್ಲಿರಬೇಕು ಎಂಬುದನ್ನು ಬೇರೆಯವರು ಬರೆಯುತ್ತಾರೆ. ಕೆಲವೊಮ್ಮೆ ತಪ್ಪು ಬರೆಯುತ್ತಾರೆ, ಕೆಲವೊಮ್ಮೆ ತಡವಾಗಿ ಬರೆಯುತ್ತಾರೆ. ಕರೆದಾಗ ಎದ್ದು ಹೋಗುವಂತೆ ಇರುವುದು ಮಾತ್ರ ನಮ್ಮ ಕೈಲಿದೆ.

ಇಂಟರ್ನ್‌ಶಿಪ್ ಕರೆ ಇನ್ನೂ ಬಂದಿಲ್ಲ. ಮೇಲಿನ ಎಂಟು ಮಂದಿಯಲ್ಲಿ ಯಾರೂ ಬಿಟ್ಟಿಲ್ಲ, ಬಿಡುವ ಸೂಚನೆಯೂ ಇಲ್ಲ. ಆದರೂ ಆ ಕೆಲಸಕ್ಕೆ ಬೇಕಾದ ಸಾಫ್ಟ್‌ವೇರ್ ಕಲಿಯಲು ಶುರುಮಾಡಿದ್ದೇನೆ, ಗೆರೆಯ ಮೇಲಿದ್ದಿದ್ದರೆ ಹೇಗೆ ಕಲಿಯುತ್ತಿದ್ದೆನೋ ಹಾಗೆ.

ಕಳೆದ ಶನಿವಾರ ಈ ಸೀಸನ್ನಿನ ಕೊನೆಯ ಬ್ಯಾರನ್ ಏರಿಸಿದರು. ಅಪ್ಪ ಈ ಬಾರಿ ನನ್ನನ್ನು ಏನೂ ಕೇಳಲಿಲ್ಲ. ನಾನೇ ಚಾಪೆ, ಥರ್ಮೊಡೈನಾಮಿಕ್ಸ್ ನೋಟ್ಸು, ಟಾರ್ಚು ತೆಗೆದುಕೊಂಡು ಒಲೆಯ ಪಕ್ಕ ಹೋಗಿ ಕೂತೆ. ಇಯರ್‌ಫೋನ್ ಮನೆಯಲ್ಲೇ ಬಿಟ್ಟಿದ್ದೆ. ರಾತ್ರಿ ಎರಡು ಗಂಟೆಗೆ ಅಪ್ಪ ಎದ್ದು ಬಂದು ನೋಡಿದರು. ಕಿಂಡಿಯಿಂದ ಒಳಗಿನ ಶಾಖದ ಅಳತೆ ನೋಡಿದರು, ನನ್ನನ್ನು ನೋಡಿದರು. ಒಂದು ಸೌದೆಯನ್ನು ಸರಿಯಾಗಿ ಒಳಗೆ ತಳ್ಳಿ, ಮಾತಾಡದೆ ಹೋಗಿ ಮಲಗಿದರು.